ಆಟವೂ ಪಾಠವೂ

ಮಕ್ಕಳಿಗೆ ಆಟದ ಮೂಲಕ ಪಾಠ ಹೇಳಬೇಕೆಂಬುದು ಹಳೆಯ ಮಾತು. ಆದರೆ ನಾಜಿಗಳು ಅರುವತ್ತು ಲಕ್ಷ ಯಹೂದ್ಯರನ್ನು ಕೊಂದ ವೃತ್ತಾಂತವನ್ನು ಆಟದಿಂದ ಕಲಿಸಬಹುದೆ? ಉಪಾಧ್ಯಾಯರಾಗಿದ್ದಾಗ ನಾವು ಒಮ್ಮೆ ಈ ಸಾಹಸಕ್ಕೆ ಕೈಹಾಕಿದ್ದುಂಟು. ಹಿಟ್ಲರನ ಜರ್ಮನಿಯ ಪಾಠ ನಡೆಯುತ್ತಿದ್ದಿತು. ಅರ್ಧ ಹುಡುಗರ ಅಂಗಿಗೆ ಹಳದಿ ಕಾಗದದ ನಕ್ಷತ್ರವನ್ನು ಅಂಟಿಸಿ, ಅವರನ್ನು ಹಿಂದಿನ ಬೆಂಚುಗಳಿಗೆ ಕಳುಹಿಸಿ, ಉಳಿದವರು ಅವರೊಡನೆ ಮಾತನಾಡಕೂಡದೆಂದು ವಿಧಿಸಿದೆವು. ಹುಡುಗರು ನಕ್ಕರು, ಗದ್ದಲವಾಯಿತು. ಒಬ್ಬನು ಮಾತ್ರ ನಗಲಿಲ್ಲ. ಅವನು ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ಬಾಲಕ. ನಕ್ಷತ್ರವು ತನ್ನ ಬಳಿಗೆ ಬರುವ ಮುನ್ನವೇ ಪುಸ್ತಕಗಳನ್ನೆತ್ತಿಕೊಂಡು ಹಿಂದಕ್ಕೆ ನಡೆದಿದ್ದನು. ಇತರರಿಗೆ ಅದು ಅರ್ಧ ಗಂಟೆಯ ವಿನೋದ. ಅವನಿಗೆ ನಿತ್ಯದ ಅನುಭವ. ನಮಗೆ ಬಾಯಿ ಕಟ್ಟಿಹೋಯಿತು.

ವಾಷಿಂಗ್ಟನ್ ನಗರದ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯದವರು ಇಂತಹ ಅನುಕರಣಗಳು ಬೇಡವೆಂದು ಉಪಾಧ್ಯಾಯರಿಗೆ ಬುದ್ಧಿ ಹೇಳಿರುವುದನ್ನು ನಾವು ಓದಿದುದು ಆಮೇಲೆ. ಅಂದಿನವರ ಸಂಕಟವನ್ನು ತಾವೂ ಅರಿತೆವೆಂಬ ಸುಳ್ಳು ಭಾವನೆ ಮಕ್ಕಳಲ್ಲಿ ಉಳಿದುಬಿಡುವುದೆಂಬುದು ಅವರ ಆಕ್ಷೇಪ.

ಹಾಗೆಂದು ಆಟವೆಲ್ಲವೂ ಹೇಯವೆ? ಚೆಕ್ ನಾಡಿನ ಥೆರೇಸಿಯೆನ್‌ಸ್ಟಾಟ್ ಎಂಬ ಸೆರೆಯೂರಿನಲ್ಲಿ 1943ರಲ್ಲಿ ಓಸ್ವಾಲ್ಡ್ ಪೋಕ್ ಎಂಬ ಚಿತ್ರಕಾರನು ಮಕ್ಕಳಿಗಾಗಿ ಮೊನಾಪೊಲಿ ಮಾದರಿಯ ಹಾಸೊಂದನ್ನು ಬರೆದನು. ಅದರ ಮನೆಗಳೆಲ್ಲ ಆ ಊರಿನವೇ ಸ್ಥಳಗಳು. ಆಡುತ್ತಾಡುತ್ತ ಮಕ್ಕಳಿಗೆ ತಾವಿದ್ದ ಊರಿನ ಪರಿಚಯವಾಗಲೆಂದು ಅವನ ಉದ್ದೇಶ. 1944ರಲ್ಲಿ ಅವನನ್ನು ಔಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಹಾಸು ಮಾತ್ರ ಉಳಿದು ಇಂದು ಜೆರೂಸಲೇಮಿನ ಯಾದ್ ವಾಶೆಮ್ ಸಂಗ್ರಹದಲ್ಲಿದೆ.

2017ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದವರೂ ಚೆಕ್ ವಿಜ್ಞಾನ ಅಕಾಡೆಮಿಯವರೂ ಕೂಡಿ 'ಅಟೆಂಟಾಟ್ 1942' ಎಂಬ ಕಂಪ್ಯೂಟರ್ ಆಟವನ್ನು ಹೊರತಂದರು. 1942ರಲ್ಲಿ ನಾಜಿ ಅಧಿಕಾರಿ ಹೈಡ್ರಿಕನ ಮೇಲೆ ದಾಳಿ ನಡೆದ ಬಳಿಕ ತನ್ನ ಅಜ್ಜನನ್ನು ಸೆರೆಹಿಡಿದುದೇಕೆಂದು ಆಡುವವನು ಅಜ್ಜಿಯನ್ನೂ ಇತರ ವೃದ್ಧರನ್ನೂ ಕೇಳುತ್ತ ಹೋಗುವನು. ಇಲ್ಲಿ ಅವನು ಸೆರೆಯಾಳಿನ ವೇಷ ಹಾಕುವುದಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಿವಿಗೊಡುವನು. ಅನುಕರಣವೇ ಬೇರೆ, ಜಿಜ್ಞಾಸೆಯೇ ಬೇರೆ. ಮೊದಲನೆಯದರಲ್ಲಿ ಪರರ ದುಃಖವು ನಮ್ಮ ವೇಷವಾಗುವುದು. ಎರಡನೆಯದರಲ್ಲಿ ಅದು ಅವರದಾಗಿಯೇ ಉಳಿದು ನಮಗೆ ತಿಳಿಯುವುದು.

ಮನೆಯಲ್ಲಿ ಮಕ್ಕಳು ಇಂತಹ ಆಟವನ್ನು ಹಿಡಿದು ಕುಳಿತರೆ ಹಿರಿಯರು ಗದರಿಸದೆ ಪಕ್ಕದಲ್ಲಿ ಕುಳಿತುಕೊಳ್ಳಲಿ. ಯಾರ ಕಥೆಯನ್ನು ಕೇಳಿದೆ, ಏನು ತಿಳಿಯಿತು ಎಂದು ವಿಚಾರಿಸಲಿ. ನಾವು ಅಂದು ಮಾಡಬೇಕಾಗಿದ್ದುದೂ ಇಷ್ಟೇ. ಪಾಠ ಮುಗಿದ ಮೇಲೆ ಆ ಬಾಲಕನ ಬಳಿಗೆ ಹೋಗಿ, "ಏಕಪ್ಪ, ಮೊದಲೇ ಎದ್ದೆ?" ಎಂದು ಮೆಲ್ಲನೆ ಕೇಳಬಹುದಾಗಿತ್ತು. ಕೇಳಲು ಧೈರ್ಯ ಸಾಲಲಿಲ್ಲ. ಗಂಟೆ ಬಾರಿಸಿತು, ನಕ್ಷತ್ರಗಳನ್ನು ಆಯ್ದು ಮೇಜಿನ ಪೆಟ್ಟಿಗೆಯಲ್ಲಿಟ್ಟು ಹೊರಟುಬಂದೆವು.