ಸೀರೆಗೊಂದು ತೂಕ, ಪಂಚೆಗೊಂದು ತೂಕ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಗದ್ದೆ ನಾಟಿಯವರನ್ನು ಬಿಟ್ಟು ಉಳಿದವರಿಗೆಲ್ಲ ಜಗಲಿಯೇ ಗತಿ. ಕರೆಂಟು ಹೋಗಿರುತ್ತದೆ, ಟಿವಿ ಇಲ್ಲ. ಆಗ ಕೋರ್ಟು ಶುರುವಾಗುತ್ತದೆ. ಮಡಿಕೇರಿಯ ಕೋರ್ಟಲ್ಲ ಮಾರಾಯ್ರೆ, ಜಗಲಿಯದ್ದು. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಕಂಬಗಳ ನಡುವೆ ಐಮರ ಅಂತ ಉದ್ದದ ಹಲಗೆ ಇರುತ್ತದಲ್ಲ, ಅದರ ಮೇಲೆ ಕೂತವರೆಲ್ಲ ಜಡ್ಜುಗಳೇ. ವಾಯಿದೆ ಇಲ್ಲ, ಫೀಸಿಲ್ಲ, ಮೇಲ್ಮನವಿಗೆ ಅಡುಗೆಮನೆ ಇದೆ.

2025ರ ಜುಲೈಯಲ್ಲಿ ಈ ಪೀಠದ ಮುಂದೆ ಬಂದದ್ದು ಬೆಂಗಳೂರಿನ ರಿಂಗ್ ರೋಡ್ ಶುಭಾ ಕೇಸು. ನೆನಪುಂಟಲ್ಲ? 2003ರ ಡಿಸೆಂಬರ್, ನಿಶ್ಚಿತಾರ್ಥ ಆಗಿ ಇನ್ನೂ ವಾರ ತುಂಬಿಲ್ಲ. ಹುಡುಗಿ ಕಾನೂನು ವಿದ್ಯಾರ್ಥಿನಿ, ತಂದೆ ವಕೀಲರು. ವಿಮಾನ ಇಳಿಯುವುದನ್ನು ನೋಡೋಣ ಅಂತ ರಸ್ತೆಬದಿ ನಿಂತರು, ವರನ ಕೊಲೆಯಾಯಿತು. 2010ರಲ್ಲಿ ಆಕೆಗೂ ಜೊತೆಯ ಮೂವರು ಗಂಡಸರಿಗೂ ಜೀವಾವಧಿ. ಸುಪ್ರೀಂ ಕೋರ್ಟು 2025ರ ಜುಲೈ 14ರಂದು ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಮನಸ್ಸಿಲ್ಲದ ಮದುವೆಗೆ ದೂಡಿದ ಮನೆಯವರ ಬಗ್ಗೆ ನಾಲ್ಕು ಮಾತಾಡಿ, ರಾಜ್ಯಪಾಲರಲ್ಲಿ ಕ್ಷಮೆ ಕೇಳಿಕೊಳ್ಳಿ ಅಂತ ಎಂಟು ವಾರ ಸಮಯವನ್ನೂ ಕೊಟ್ಟಿತು.

"ಗಂಡಸಾಗಿದ್ದರೆ ಹೀಗೆ ಮರುಗುತ್ತಿದ್ದರೋ?" ಅಂದರು ಮಾವ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು; ಫೈಲು ಕಟ್ಟಿದ ಕೈಗೆ ಮಾತೂ ಕಟ್ಟಾಗಿಯೇ ಬರುತ್ತದೆ.

ಒಳಗಿನಿಂದ ಅತ್ತೆ: "ಆ ಮೂರು ಗಂಡಸರಿಗೂ ಅದೇ ಎಂಟು ವಾರ ಸಿಕ್ಕಿತಲ್ಲ, ಅವರೇನು ಸೀರೆ ಉಟ್ಟಿದ್ದರೋ?"

ನೋಡಿ, ಇದು ಯಾರಿಗೂ ಹೊಳೆದಿರಲಿಲ್ಲ. ಹೆಣ್ಣಿನ ಕತೆಗೆ ಕರಗಿದ ಕರುಣೆ ಪಕ್ಕದಲ್ಲಿದ್ದವರ ಮೇಲೂ ಹರಿದಿದೆ. ಸೀರೆ ಅಂದಾಗ ನೆನಪಾಯಿತು, ಕೊಡವತಿಯರು ನೆರಿಗೆಯನ್ನು ಹಿಂದಕ್ಕೆ ಕಟ್ಟುತ್ತಾರೆ. ಯಾಕೆ ಅಂತ ಕೇಳಿದರೆ ಕಾವೇರಿ ತಾಯಿಯ ಕತೆ ಬರುತ್ತದೆ, ಅಲ್ಲಿಂದ ತಲಕಾವೇರಿಗೆ, ಅಲ್ಲಿಂದ ಭಾಗಮಂಡಲದ ಪ್ರವಾಹಕ್ಕೆ. ಅದು ಬೇಡ, ಕೇಸಿಗೇ ಬರೋಣ.

ಮಾವನ ವಾದ ಇಷ್ಟು: ಜಡ್ಜಿನ ಎದೆ ಕರಗುವ ಮಾತು ಹಾಗಿರಲಿ, ರಿಯಾಯಿತಿ ಪುಸ್ತಕದಲ್ಲೇ ಅಚ್ಚಾಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮು ಜಾಮೀನಿನ ವಿಷಯದಲ್ಲಿ ಹೆಂಗಸರನ್ನು ಹದಿನಾರರ ಒಳಗಿನವರ, ಕಾಯಿಲೆಯವರ ಜೊತೆ ಕೂರಿಸಿತ್ತು. 360ನೇ ಕಲಮು ಇನ್ನೂ ಚಂದ. ಮೊದಲ ತಪ್ಪಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದಾದರೆ, ಇಪ್ಪತ್ತೊಂದು ದಾಟಿದ ಗಂಡಸಿಗೆ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳು ಮಾತ್ರ. ಇಪ್ಪತ್ತೊಂದರ ಒಳಗಿನವರಿಗೂ ಯಾವ ವಯಸ್ಸಿನ ಹೆಂಗಸಿಗೂ ಗಲ್ಲು, ಜೀವಾವಧಿಯ ಅಪರಾಧ ಬಿಟ್ಟು ಮಿಕ್ಕದ್ದೆಲ್ಲ. ಅಂದರೆ ಎಪ್ಪತ್ತರ ಅಜ್ಜಿಯೂ ಇಪ್ಪತ್ತರ ಹುಡುಗನೂ ಒಂದೇ ಸಾಲಿನವರು! 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದರೂ ಈ ಸಾಲು ಅಳಿಸಿಲ್ಲ.

"ಇದು ಗೌರವವೋ ತಾತ್ಸಾರವೋ?" ಅಂದರು ಅತ್ತೆ. ಒಳ್ಳೆಯ ಪ್ರಶ್ನೆಯೇ. ಹಳೆಯ ಭಾರತೀಯ ದಂಡ ಸಂಹಿತೆಯ 497ನೇ ಕಲಮು ನೆನಪಿಸಿಕೊಳ್ಳಿ. ವ್ಯಭಿಚಾರಕ್ಕೆ ಗಂಡಸಿಗೆ ಮಾತ್ರ ಜೈಲು, ಹೆಂಗಸಿಗೆ ಏನೂ ಇಲ್ಲ. ಎತ್ತು ಕದ್ದರೆ ಕಳ್ಳನಿಗೆ ಶಿಕ್ಷೆ, ಎತ್ತಿಗೆ ಶಿಕ್ಷೆ ಉಂಟೇ? 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತು ಹಾಕಿದಾಗ ರಿಯಾಯಿತಿ ಹೋಯಿತೆಂದು ಅತ್ತ ಹೆಂಗಸನ್ನು ನಾನಂತೂ ಕಾಣಲಿಲ್ಲ.

ಅಮೆರಿಕದವರು ಇದಕ್ಕೂ ಲೆಕ್ಕ ಹಾಕಿದ್ದಾರೆ. ಸೋನ್ಯಾ ಸ್ಟಾರ್ ಎಂಬ ಕಾನೂನು ಪ್ರಾಧ್ಯಾಪಕಿ 2012ರಲ್ಲಿ ಅಲ್ಲಿನ ಫೆಡರಲ್ ಕೇಸುಗಳನ್ನು ತೂಗಿ, ಒಂದೇ ತರದ ಕೇಸಿನಲ್ಲಿ ಗಂಡಸಿಗೆ ಸರಾಸರಿ ಶೇ. 63ರಷ್ಟು ಹೆಚ್ಚು ಶಿಕ್ಷೆ ಅಂದರು. ನಮ್ಮಲ್ಲಿ ಜೈಲಿನಲ್ಲಿರುವವರ ಪೈಕಿ ಹೆಂಗಸರು ನೂರಕ್ಕೆ ನಾಲ್ಕು. ಅದು ಕರುಣೆಯ ಲೆಕ್ಕವೋ, ಅಪರಾಧಕ್ಕೆ ಪುರುಸೊತ್ತಿಲ್ಲದ ಲೆಕ್ಕವೋ, ಅತ್ತೆಯನ್ನೇ ಕೇಳಬೇಕು. ಅವರು ಆಗ ಎಳೆ ಬಿದಿರಿನ ಕಣಿಲೆ ಹೆಚ್ಚುತ್ತಿದ್ದರು.

ಕಣಿಲೆಯನ್ನು ಹೆಚ್ಚಿ ನೀರಿನಲ್ಲಿಟ್ಟು, ಆ ನೀರು ಚೆಲ್ಲಿ, ಬೇಯಿಸಿಯೇ ತಿನ್ನಬೇಕು. ಹಸಿಯದರಲ್ಲಿ ಸೈನೈಡಿನ ಅಂಶ ಉಂಟು. ಸೈನೈಡ್ ಅಂದದ್ದೇ ತಡ, ಮಾವನಿಗೆ ಮಲ್ಲಿಕಾ ಸಿಕ್ಕಿದಳು. ದೇವಸ್ಥಾನಗಳಲ್ಲಿ ಹೆಂಗಸರನ್ನು ನಂಬಿಸಿ ವಿಷವಿಕ್ಕಿದ ಸೈನೈಡ್ ಮಲ್ಲಿಕಾಗೆ ಗಲ್ಲು ಶಿಕ್ಷೆಯೇ ಆಗಿತ್ತು, ಆಮೇಲೆ ಜೀವಾವಧಿಗೆ ಇಳಿಯಿತು. ಆಗ ಸೀರೆ ಎಲ್ಲಿ ಹೋಯಿತು? 2017ರಲ್ಲಿ ಹಿಮಾಚಲದ ಒಬ್ಬ ತಾಯಿಗೆ, ಮಕ್ಕಳಿವೆ ಪಾಪ ಎಂದು ಹೈಕೋರ್ಟು ಜೈಲು ತಪ್ಪಿಸಿ ದಂಡ ಹಾಕಿದರೆ, ಸುಪ್ರೀಂ ಕೋರ್ಟು ಎರಡು ವರ್ಷದ ಜೈಲನ್ನು ತಿರುಗಿ ಹಾಕಿತು. ತಗ್ಗಿ ಬಗ್ಗಿ ನಡೆವವಳಿಗೆ ಕರುಣೆ, ಕೆಟ್ಟವಳೆನಿಸಿಕೊಂಡವಳಿಗೆ ಗಂಡಸಿಗಿಂತ ಒಂದು ಕೈ ಹೆಚ್ಚು ಅಂತ ನನಗೆ ಅನುಮಾನ.

ಇಷ್ಟಾದರೂ ನಮ್ಮ ಜಿಲ್ಲೆಯ ಕೇಸು ಬರಲಿಲ್ಲವಲ್ಲ! ಕುಶಾಲನಗರದ ಹತ್ತಿರದ ಒಬ್ಬ ಆದಿವಾಸಿ ಗಂಡನ ಕತೆ ಕೇಳಿದ್ದೀರಿ. ಹೆಂಡತಿ 2020ರಲ್ಲಿ ಕಾಣೆಯಾದಳು, ದೂರು ಕೊಟ್ಟವನು ಅವನೇ. ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು, ಗಂಡನೇ ಕೊಂದ ಅಂತ ಕೇಸಾಯಿತು. ಡಿಎನ್ಎ ಹೊಂದಲಿಲ್ಲ, ಆದರೂ ಜೈಲು. 2025ರ ಏಪ್ರಿಲ್ 1ರಂದು (ದಿನ ನೋಡಿ!) ಆಕೆ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಸಿಕ್ಕಿದಳು.

"ಈಗ ಹೇಳಿ, ಪಂಚೆಯವನಿಗೆ ಏನು ರಿಯಾಯಿತಿ?" ಅಂದರು ಮಾವ, ಗೆದ್ದವರಂತೆ.

"ಪಂಚೆಗಲ್ಲ, ಬಡವನಿಗೆ," ಅಂದರು ಅತ್ತೆ. "ಅವನ ಕತೆ ಹೇಳಲಿಕ್ಕೆ ಆವಾಗ ಯಾರಿದ್ದರು?"

ಐಮರದ ಪೀಠ ಅಲ್ಲಿಗೆ ಏಳಬೇಕಾಯಿತು. ನನ್ನದೂ ಅತ್ತೆಯ ಕಡೆಯ ಓಟು. ಆ ಗಂಡ ಜೈಲಿನಲ್ಲಿದ್ದದ್ದು ಸುಮಾರು ಒಂದೂವರೆ ವರ್ಷ. ಬಿಡುಗಡೆ ಮಾಡುವಾಗ ಮೈಸೂರಿನ ಕೋರ್ಟು ಕೊಡಿಸಿದ ಪರಿಹಾರ ಒಂದು ಲಕ್ಷ ರೂಪಾಯಿ.