ಅರ್ಧ ಲೀಟರ್ ಎಂದರೆ ಎಷ್ಟು?

ಸೆಮಿನಾರ್‌ಗೆ ವಿಷಯ ಆರಿಸಿಕೊಳ್ಳಲು ಕೊಟ್ಟಿದ್ದು ಒಂದು ವಾರ. ಅದರಲ್ಲಿ ಐದು ದಿನ ವಿಷಯ ಬದಲಾಯಿಸುವುದರಲ್ಲೇ ಕಳೆದುಹೋಯಿತು. ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದವಳು. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ, ಓದು ಹುಬ್ಬಳ್ಳಿಯಲ್ಲಿ. ಪ್ರಸೂತಿ ಶುಶ್ರೂಷೆಯಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಿ, 20 ನಿಮಿಷ ಮಾತನಾಡಿ, ಆಮೇಲೆ 10 ನಿಮಿಷ ಪ್ರಶ್ನೆಗಳು ಎಂದಷ್ಟೇ ಮೇಡಂ ಹೇಳಿದ್ದರು. ಯಾವುದನ್ನಾದರೂ ಎಂದರೆ ಯಾವುದೂ ಹೊಳೆಯುವುದಿಲ್ಲ ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುವ ಸಂಗತಿಯೇ.

ಮೊದಲು ‘ಗರ್ಭಿಣಿಯ ಆರೈಕೆ’ ಎಂದು ಬರೆದುಕೊಂಡು ಹೋದಳು. ಮೇಡಂ ಹಾಳೆಯನ್ನು ಒಮ್ಮೆ ನೋಡಿ, “ಒಂಬತ್ತು ತಿಂಗಳಿಂದ 20 ನಿಮಿಷದಾಗ ಹೆಂಗ ಮುಗಸ್ತೀಯವ್ವಾ?” ಎಂದು ವಾಪಸು ಕೊಟ್ಟರು.

ಹಾಸ್ಟೆಲ್ಲಿನ ಹಿರಿಯ ಹುಡುಗಿಯರ ಬಳಿ ಸಿದ್ಧ ಪಟ್ಟಿಯೇ ಇತ್ತು: ಪ್ರನಾಳ ಶಿಶು, ಬಾಡಿಗೆ ತಾಯ್ತನ, ನೀರಿನೊಳಗಿನ ಹೆರಿಗೆ. ಎಲ್ಲವಕ್ಕೂ ಬಣ್ಣಬಣ್ಣದ ಸ್ಲೈಡ್‌ಗಳು ತಯಾರಿದ್ದವು. ಹೆಸರು ಬದಲಾಯಿಸಿದರೆ ಸಾಕು. ಊರಿನಿಂದ ಫೋನು ಮಾಡಿದ ಅಪ್ಪನೂ ಪ್ರನಾಳ ಶಿಶುವಿಗೇ ಓಟು ಹಾಕಿದ. “ಕೇಳೂ ಮಂದಿಗಿ ಹೊಸಾದು ಅನ್ನಿಸಬೇಕು ನೋಡು” ಎಂಬುದು ಅವನ ವಾದ. ತಂದೆತಾಯಿಗಳು ಹೀಗೆ ಹೇಳುವುದು ಮಕ್ಕಳ ಮೇಲಿನ ಅಕ್ಕರೆಯಿಂದಲೇ. ಆದರೆ ಪ್ರನಾಳ ಶಿಶುವಿನ ಪ್ರಯೋಗಾಲಯದ ಬಾಗಿಲನ್ನೂ ನೋಡದ ಹುಡುಗಿ ಅದರ ಬಗ್ಗೆ ಏನು ಹೇಳಿಯಾಳು? ಪುಸ್ತಕದಲ್ಲಿರುವುದನ್ನು ಹೇಳಿಯಾಳು. ಕೇಳುವವರ ಕೈಯಲ್ಲೂ ಅದೇ ಪುಸ್ತಕವಿರುತ್ತದೆ. ಎರಡನೇ ಸಲ ಹೋದಾಗ ಮೇಡಂ ಬೈಯಲಿಲ್ಲ. “ನಿನಗ ಉತ್ತರ ಗೊತ್ತಿಲ್ಲದ್ದು ಒಂದು ತಗೊಂಡು ಬಾ” ಎಂದರು. ಇದೇನು ಒಗಟೋ ಎಂದುಕೊಂಡು ಹುಡುಗಿ ಶನಿವಾರದ ಬಸ್ಸು ಹತ್ತಿ ಊರಿಗೆ ಹೋದಳು.

ಭಾನುವಾರ ಅಜ್ಜಿ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಾಣಂತನದ ಮನೆಮದ್ದುಗಳ ಬಗ್ಗೆಯಾದರೂ ಏನಾದರೂ ಸಿಕ್ಕೀತೆಂದು ಹುಡುಗಿ ಪಕ್ಕದಲ್ಲಿ ಕುಳಿತು ಮಾತು ತೆಗೆದಳು. ಅಜ್ಜಿ ಅಳ್ಳಿಟ್ಟು, ಖಾರ, ಬೆಳ್ಳುಳ್ಳಿ ಎಂದು ಶುರುಮಾಡಿದವಳು ದೊಡ್ಡವ್ವನ ಹೆರಿಗೆಗೆ ಬಂದು ನಿಂತಳು. ದೊಡ್ಡವ್ವ ಎಂದರೆ ಹುಡುಗಿಯ ತಾಯಿಯ ಅಕ್ಕ. 1998ರ ಶ್ರಾವಣದಲ್ಲಿ ಇದೇ ಮನೆಯಲ್ಲಿ ಹಡೆದು, ಅದೇ ರಾತ್ರಿ ತೀರಿಕೊಂಡವಳು. ಗೋಡೆಯ ಫೋಟೊದಲ್ಲಿ ಅವಳಿಗೆ ಈಗಲೂ 20 ವರ್ಷ.

“ಕೂಸು ಅತ್ತಿತು, ಕಸ ಬಿತ್ತು, ಎಲ್ಲಾ ಚಲೋ ಆತು ಅಂದ್ಕೊಂಡ್ವಿ. ಕೆಳಗ ಹಾಸಿದ ಸೀರಿ ತೊಯ್ದಿತ್ತು, ಬದಲಿ ಮಾಡಿದ್ವಿ. ಮತ್ತ ತೊಯ್ತು, ಮತ್ತ ಬದಲಿ ಮಾಡಿದ್ವಿ. ಹಡದಾಕಿಗಿ ಹೋಗೂದ ಅಷ್ಟು ಅಂದ್ಳು ಸೂಲಗಿತ್ತಿ. ಗಾಡಿ ಹೂಡೂದ್ರಾಗ ಕೈಕಾಲು ತಣ್ಣಗ ಆಗಿದ್ವು.” ಅಜ್ಜಿ ಮರದಲ್ಲಿದ್ದ ಒಂದು ಹರಳನ್ನು ಎತ್ತಿ ಹೊರಗೆ ಎಸೆದಳು. “ಎಷ್ಟು ಹೋದ್ರ ಹೆಚ್ಚು ಅಂತ ಯಾರಿಗಿ ಗೊತ್ತಿತ್ತವ್ವಾ?”

ಬಾಗಿಲಲ್ಲಿ ಅಣ್ಣ ನಿಂತಿದ್ದ. ಅಣ್ಣ ಎಂದರೆ ಆ ರಾತ್ರಿ ಅತ್ತ ಕೂಸು. ಅಜ್ಜಿಯ ಕೈಯಲ್ಲೇ ಬೆಳೆದು ಈಗ ಸ್ವಂತ ಟಾಟಾ ಏಸ್ ಓಡಿಸುತ್ತಾನೆ. ಹುಟ್ಟುತ್ತಲೇ ತಾಯಿಯನ್ನು ತಿಂದವನು ಎಂಬ ಮಾತನ್ನು ಅವನು ಊರಿನ ಜಗಳಗಳಲ್ಲಿ ಎಷ್ಟು ಸಲ ಕೇಳಿದ್ದನೋ ಲೆಕ್ಕವಿಲ್ಲ. ಏನೂ ಕೇಳಿಸದವನಂತೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಹುಡುಗಿಗೆ ಪುಸ್ತಕದ ಉತ್ತರ ಗೊತ್ತಿತ್ತು. ಹೆರಿಗೆಯಾದ 24 ಗಂಟೆಗಳೊಳಗೆ 500 ಮಿಲಿ ಲೀಟರ್ ಅಥವಾ ಹೆಚ್ಚು ರಕ್ತ ಹೋದರೆ ಅದು ಪ್ರಸವೋತ್ತರ ರಕ್ತಸ್ರಾವ. ಪರೀಕ್ಷೆಯಲ್ಲಿ ಇದನ್ನು ಎರಡು ಸಲ ಬರೆದಿದ್ದಳು. ಆದರೆ ಸೀರೆಗೆ ಹೀರಿಕೊಂಡ 500 ಮಿಲಿ ಲೀಟರ್ ನೋಡಲು ಹೇಗಿರುತ್ತದೆ? ಅದು ಅವಳಿಗೆ ಗೊತ್ತಿರಲಿಲ್ಲ. ಮೇಡಂ ಹೇಳಿದ್ದು ಆಗ ಅರ್ಥವಾಯಿತು.

ಇಲ್ಲಿ ಶರೀರದ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತು ಹೇಳಬೇಕು, ಏಕೆಂದರೆ ಅದು ಅಷ್ಟು ಸೊಗಸಾಗಿದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತವೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಅಡ್ಡಾದಿಡ್ಡಿ ಹೆಣೆದುಕೊಂಡ ಎಳೆಗಳು ಗಟ್ಟಿಯಾಗಿ ಕುಗ್ಗಿ, ನಡುವೆ ಹಾದುಹೋಗುವ ನಾಳಗಳನ್ನು ಗಂಟು ಬಿಗಿದಂತೆ ಹಿಸುಕುತ್ತವೆ. ಸ್ನಾಯು ಸಡಿಲವಾಗಿಯೇ ಉಳಿದರೆ ನಲ್ಲಿ ತೆರೆದಿಟ್ಟಂತೆ. ಅದಕ್ಕೇ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ. ಮಗು ಮೊಲೆ ಚೀಪಿದಾಗಲೂ ತಾಯಿಯ ದೇಹದಲ್ಲಿ ಇದೇ ಆಕ್ಸಿಟೋಸಿನ್ ಹೊರಡುತ್ತದೆ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ 40ರಿಂದ 50 ಶೇಕಡಾ ಹೆಚ್ಚುವುದೂ ಈ ನಷ್ಟ ತಡೆದುಕೊಳ್ಳಲು ಸಹಾಯಕ್ಕೆ ಬರುತ್ತದೆ. ಆದರೆ ರಕ್ತಹೀನತೆ ಇರುವವಳಿಗೆ ಅರ್ಧ ಲೀಟರೂ ದುಬಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು.

ಸೋಮವಾರ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕುತ್ತಾ ಹೋದವಳಿಗೆ ಉತ್ತರ ಸಿಕ್ಕಿದ್ದು ದೂರದ ದೇಶದಲ್ಲಲ್ಲ, ಪಕ್ಕದ ಬೆಳಗಾವಿಯಲ್ಲಿ! ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಒಂದು ಸರಳ ಸಾಧನ ರೂಪಿಸಿದ್ದರು. ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಾಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಹೆರಿಗೆಯಾದ ಮೇಲೆ ತಾಯಿಯ ಕೆಳಗೆ ಹಾಸಿದರೆ ರಕ್ತ ಚೀಲಕ್ಕಿಳಿಯುತ್ತದೆ. ಎಷ್ಟೆಂದು ಗೆರೆ ನೋಡಿ ಹೇಳಬಹುದು. ಕಣ್ಣಂದಾಜು ಈ ಚೀಲದ ಅಳತೆಗಿಂತ ಸುಮಾರು 33 ಶೇಕಡಾ ಕಡಿಮೆ ಬರುತ್ತದೆ ಎಂದು ಅವರು 2006ರಲ್ಲಿ ಪ್ರಕಟಿಸಿದರು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ತಾಯಂದಿರ ಇನ್ನೊಂದು ಅಧ್ಯಯನ ಬಂತು. ಆಕ್ಸಿಟೋಸಿನ್‌ನಂತೆ ತಂಪಿನಲ್ಲಿಡುವ ಅಗತ್ಯವಿಲ್ಲದ ಮಿಸೋಪ್ರೊಸ್ಟಾಲ್ ಮಾತ್ರೆಯನ್ನು ಹೆರಿಗೆಯಾದ ಕೂಡಲೇ ನುಂಗಿಸಿದಾಗ ರಕ್ತಸ್ರಾವಕ್ಕೆ ತುತ್ತಾದವರ ಪ್ರಮಾಣ 12 ಶೇಕಡಾದಿಂದ 6.4ಕ್ಕೆ ಇಳಿದಿತ್ತು. ಮಾತ್ರೆ ಕೊಟ್ಟವರೂ, ರಕ್ತ ಅಳೆದವರೂ ವೈದ್ಯರಲ್ಲ, ಊರಿನವರು ನರ್ಸಮ್ಮ ಎಂದು ಕರೆಯುವ ಕಿರಿಯ ಆರೋಗ್ಯ ಸಹಾಯಕಿಯರು. ಹುಡುಗಿ ಈ ಸಾಲನ್ನು ಎರಡು ಸಲ ಓದಿದಳು.

ಇದೆಲ್ಲ ಹಳೆಯ ಕಥೆ, ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲೇ ಅಲ್ಲವೇ ಎಂದು ಗೆಳತಿಯೊಬ್ಬಳು ಮೂಗು ಮುರಿದಳು. ಆಸ್ಪತ್ರೆಯಲ್ಲಿಯೂ ಕಣ್ಣಿನ ಅಂದಾಜು ಅಂದಾಜೇ. 2023ರಲ್ಲಿ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಹೊರಬಂತು. ಅಳತೆಯ ಚೀಲ ಬಳಸಿ ಬೇಗ ಗುರುತಿಸಿ, ಚಿಕಿತ್ಸೆಯ ಎಲ್ಲ ಹಂತಗಳನ್ನೂ ಒಟ್ಟಿಗೇ ಆರಂಭಿಸಿದ ಕಡೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಮತ್ತು ಸಾವು ಈ ಮೂರೂ ಸೇರಿ 60 ಶೇಕಡಾ ಕಡಿಮೆಯಾಗಿತ್ತು. ಮಾಮೂಲಿನಂತೆ ನೋಡಿಕೊಂಡ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯದು ಯಾರ ಗಮನಕ್ಕೂ ಬಂದಿರಲಿಲ್ಲ.

ಸ್ಲೈಡ್ ಮಾಡುವುದು ಬೇಡವೆಂದು ಹುಡುಗಿ ತೀರ್ಮಾನಿಸಿದಳು. ಬದಲಿಗೆ ಎರಡು ಕಿಲೋ ಬೀಟ್‌ರೂಟ್ ಬೇಯಿಸಿ ಕೆಂಪು ನೀರು ತಯಾರಿಸಿದಳು. ಊರಿನಿಂದ ಅಜ್ಜಿಯ ಹಳೆಯ ಹತ್ತಿ ಸೀರೆ, ಅಪ್ಪನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಬಂದವು. ತಂದುಕೊಟ್ಟವನು ಅಣ್ಣ. ಪ್ರನಾಳ ಶಿಶುವಿಗೆ ತಕ್ಕಡಿ ಯಾಕೆ ಎಂದು ಅಪ್ಪ ಫೋನಿನಲ್ಲಿ ಕೇಳಿದ್ದಕ್ಕೆ ಆಮೇಲೆ ಹೇಳುತ್ತೇನೆಂದು ಜಾರಿಕೊಂಡಳು.

ಸೆಮಿನಾರ್ ದಿನ ಅವಳು ಮಾತು ಆರಂಭಿಸಲೇ ಇಲ್ಲ. ಮೇಜಿನ ಮೇಲೆ ಮಡಿಸಿದ ಸೀರೆ, ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಪಕ್ಕದಲ್ಲಿ ಸ್ಟೀಲಿನ ಬೋಗುಣಿ. ಮೂರರಲ್ಲೂ ಕೆಂಪು ನೀರು. ಪ್ರತಿಯೊಂದರಲ್ಲಿ ಎಷ್ಟಿದೆ, ಚೀಟಿಯಲ್ಲಿ ಬರೆದುಕೊಡಿ ಎಂದಳು. ಹಿಂದಿನ ಬೆಂಚಿನವರೂ ಎದ್ದು ಬಂದರು. ಸೀರೆಗೆ 150, 200, ಧೈರ್ಯವಂತರು 300 ಬರೆದಿದ್ದರು. ನೆಲದ ಮೇಲಿನದಕ್ಕೆ ಒಬ್ಬರು ಒಂದು ಲೀಟರ್ ಎಂದಿದ್ದರು. ಹುಡುಗಿ ಸೀರೆಯನ್ನು ತಕ್ಕಡಿಗಿಟ್ಟು, ಒಣ ಸೀರೆಯ ತೂಕ ಕಳೆದು ತೋರಿಸಿದಳು. ಮೂರರಲ್ಲೂ ಇದ್ದದ್ದು ಸರಿಯಾಗಿ 500 ಮಿಲಿ ಲೀಟರ್. ಚೀಲವಿಲ್ಲದ ಕಡೆ ಇದೂ ಒಂದು ದಾರಿ. ಒಂದು ಮಿಲಿ ಲೀಟರ್ ರಕ್ತದ ತೂಕ ಒಂದು ಗ್ರಾಮಿಗಿಂತ ಚೂರೇ ಹೆಚ್ಚು.

ಹತ್ತು ನಿಮಿಷದ ಪ್ರಶ್ನೆಗಳು ಅರ್ಧ ಗಂಟೆ ನಡೆದವು. ಗರ್ಭದ ನೀರೂ ಚೀಲಕ್ಕೆ ಸೇರಿದರೆ ಲೆಕ್ಕ ತಪ್ಪುವುದಿಲ್ಲವೇ ಎಂದು ಮೂಗು ಮುರಿದಿದ್ದ ಗೆಳತಿಯೇ ಕೇಳಿದಳು. ಅದಕ್ಕೇ ಮಗು ಹೊರಬಂದು ನೀರು ಹರಿದುಹೋದ ಮೇಲೆ ಚೀಲ ಹಾಸಬೇಕು ಎಂದು ಹುಡುಗಿ ಉತ್ತರಿಸಿದಳು. ಮೇಡಂ ಎಷ್ಟು ಅಂಕ ಕೊಟ್ಟರೋ, ಅದನ್ನು ಅವರು ಅಂದು ಹೇಳಲಿಲ್ಲ. ಕೆಂಪಾದ ನೆಲವನ್ನು ಒರೆಸಿಕೊಡಲು ಮಾತ್ರ ಹೇಳಿದರು.

ಶನಿವಾರ ಅಣ್ಣನ ಗಾಡಿ ಮಾರುಕಟ್ಟೆಗೆ ಬಂದಿತ್ತು. ತಕ್ಕಡಿ, ಒದ್ದೆ ಸೀರೆ ಎಲ್ಲ ಅದರಲ್ಲೇ ಊರಿಗೆ ಹೊರಟವು. ಊರು ದಾಟಿದ ಮೇಲೆ ಅಣ್ಣ ರಸ್ತೆಯನ್ನೇ ನೋಡುತ್ತಾ ಕೇಳಿದ: “ಕೂಸು ದಪ್ಪ ಇದ್ರ ಹಂಗ ಆಗತೈತೇನು?”

ಹುಡುಗಿಗೆ ಸುಳ್ಳು ಹೇಳಬಹುದಿತ್ತು. ದೊಡ್ಡ ಮಗುವಾದರೆ ಗರ್ಭಕೋಶ ಹೆಚ್ಚು ಹಿಗ್ಗಿ, ಆಮೇಲೆ ಕುಗ್ಗುವುದು ಕಷ್ಟವಾಗಬಹುದು ಎಂಬುದು ಅವಳ ಪುಸ್ತಕದಲ್ಲೇ ಇತ್ತು. “ಒಮ್ಮೊಮ್ಮೆ ಆಗತೈತಣ್ಣಾ. ಆದ್ರ ಸಣ್ಣ ಕೂಸಿಗೂ ಆಗತೈತಿ. ಎಷ್ಟೋ ಮಂದಿಗೆ ಕಾರಣಾನ ಇರೂದಿಲ್ಲ. ಗರ್ಭಕೋಶ ಕುಗ್ಗದಿದ್ರ ಸೂಜಿಮದ್ದು ಅದಕ್ಕ ಐತಿ. ಅವತ್ತು ಮನ್ಯಾಗ ಅದು ಇರಲಿಲ್ಲ, ಅಷ್ಟ.”

ಟೋಲ್ ಗೇಟು ಬರುವ ತನಕ ಅವನು ಮಾತಾಡಲಿಲ್ಲ. “ಸೂಜಿಗಿ ಎಷ್ಟು ರೊಕ್ಕ?” ಎಂದು ಕೇಳಿದ. ಬಹಳ ಇಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಎಂದಳು.

ಮನೆಗೆ ಬಂದ ಮೇಲೆ ಅಜ್ಜಿಗೂ ತೋರಿಸಿದಳು. ಸೀರೆಯನ್ನು ಮೊದಲಿನಂತೆಯೇ ಮಡಿಸಿ, ಚೊಂಬಿನಿಂದ ಅರ್ಧ ಲೀಟರ್ ಸುರಿದು, “ಇಷ್ಟಾದ್ರ ಎಚ್ಚರ ಆಗಬೇಕಜ್ಜಿ” ಎಂದಳು. ಅಜ್ಜಿ ಕಂಬಕ್ಕೆ ಒರಗಿ ಕುಳಿತು ಸೀರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒದ್ದೆ ಅಂಚನ್ನು ಕೈಯಲ್ಲಿ ಹಿಡಿದು ತೂಗಿದಂತೆ ಮಾಡಿದಳು.

“ಇಂಥಾವು ಮೂರಿದ್ವು” ಎಂದಳು.

ಅಣ್ಣ ಬಂದು ಅವಳ ಕೈಯಿಂದ ಸೀರೆ ತೆಗೆದುಕೊಂಡು, ಹಿತ್ತಲಿಗೆ ಹೋಗಿ ಹಿಂಡಿ, ಬೇಲಿಯ ಮೇಲೆ ಹರವಿದ.