ಹುಲ್ಲು ಮಣ್ಣಿನ ಮನೆ

ಯಾವದನ್ನಾದರೂ ಅಲ್ಪವೆಂದು ಎಣಿಸುವದಕ್ಕೆ ‘ತೃಣೀಕರಿಸುವದು’ ಎನ್ನುವ ರೂಢಿಯುಂಟು. ತೃಣವೆಂದರೆ ಹುಲ್ಲು. ಆದರೆ ಕಾಂತೇಶನ ಸನ್ನಿಧಿಯಿಂದ ಪ್ರಸಿದ್ಧವಾದ ಕದರಮಂಡಲಗಿಯ ಸುತ್ತಲಿನ ಸೀಮೆಯಲ್ಲಿ ಹಳೆಯ ಮಣ್ಣಿನ ಗೋಡೆಯೊಂದನ್ನು ಒಡೆದು ನೋಡಿದವರು ಈ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು.

ಮಣ್ಣಿಗೆ ಹುಲ್ಲಿನ ಚೂರನ್ನೂ ಹೊಟ್ಟನ್ನೂ ಬೆರೆಸಿ, ನೀರೆರೆದು ಕೆಲವು ದಿನ ನೆನೆಯಿಸಿ, ತುಳಿದು ಹದಗೊಳಿಸಿ ಗೋಡೆಯನ್ನೆಬ್ಬಿಸುವದು ಹಿರಿಯರ ಪದ್ಧತಿ. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರಿಯುವದು. ಎರೆಮಣ್ಣಿನ ಮಾತಂತೂ ಹೇಳತಕ್ಕದ್ದಿಲ್ಲ. ಹುಲ್ಲಿನ ಎಳೆಗಳು ಅದನ್ನು ಬಿಗಿದು ಹಿಡಿಯುವವು. ದಪ್ಪ ಗೋಡೆಯು ಕಾವನ್ನು ನಿಧಾನವಾಗಿ ಒಳಬಿಡುವದರಿಂದ ವೈಶಾಖದ ಬಿಸಿಲಿನಲ್ಲಿಯೂ ಪಡಸಾಲೆ ತಂಪಾಗಿರುವದು.

ಹುಲ್ಲಿನ ಈ ಗುಣವನ್ನು ಅನ್ಯದೇಶೀಯರೂ ಕಂಡುಕೊಂಡಿರುವರು. ಅಮೇರಿಕೆಯ ನೆಬ್ರಾಸ್ಕಾ ಪ್ರಾಂತದ ಮರಳುದಿಬ್ಬಗಳಲ್ಲಿ ಮರಮುಟ್ಟು ದೊರೆಯದಿರಲು, ಅಲ್ಲಿಯ ಒಕ್ಕಲಿಗರು 19ನೆಯ ಶತಮಾನದ ಕೊನೆಯಲ್ಲಿ ಯಂತ್ರದಿಂದ ಬಿಗಿದ ಹುಲ್ಲಿನ ಪೆಂಡಿಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿದರು. ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಹೀಗೆಯೇ ಕಟ್ಟಿದ ಪ್ರಾರ್ಥನಾಮಂದಿರವು ಇನ್ನೂ ನಿಂತಿರುವದು.

ಇಂಥ ಮನೆಗೆ ನೀರೇ ಪರಮ ಶತ್ರು. ಆದುದರಿಂದಲೇ ಮೃಗಶಿರೆಯ ಮಳೆಗೆ ಮುಂಚೆ ಯಜಮಾನನು ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಿದ್ದನು. ಮನೆಯ ಹೆಣ್ಣುಮಕ್ಕಳು ಸಗಣಿಯಿಂದ ಸಾರಿಸಿ ಬಿರುಕು ಮುಚ್ಚುತ್ತಿದ್ದರು. ಈ ದುಡಿತದ ದೊಡ್ಡ ಪಾಲು ಅವರ ಮೇಲೆಯೇ ಬೀಳುತ್ತಿತ್ತೆಂಬುದನ್ನು ಹಳೆಯದನ್ನು ಹೊಗಳುವವರು ಮರೆಯಬಾರದು. ಈಗ ಮಕ್ಕಳು ಪಟ್ಟಣ ಸೇರಿದರು. ಎತ್ತುಗಳಿಲ್ಲದ ಮನೆಯಲ್ಲಿ ಸಗಣಿಯೂ ಇಲ್ಲ, ಹೊಟ್ಟೂ ಇಲ್ಲ. ಆರೈಕೆ ತಪ್ಪಿದ ಗೋಡೆಯ ಬುಡಕ್ಕೆ ನೀರಿಳಿದರೆ ಗತಿಯೇನು? 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಹಾವೇರಿ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಆ ರಾತ್ರಿಗಳನ್ನು ಕಳೆದವರು ಸಿಮೆಂಟಿನ ಮನೆಯನ್ನು ಬಯಸಿದರೆ ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಮಣ್ಣನ್ನು ತ್ಯಜಿಸುವದೊಂದೇ ದಾರಿಯಲ್ಲ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲಾಮ್ಲ ವಾಯುವಿನಲ್ಲಿ ನೂರಕ್ಕೆ ಸುಮಾರು 7–8 ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಹುಟ್ಟುವದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ‘ಅಸ್ತ್ರ’ ಎಂಬ ಕೇಂದ್ರದಲ್ಲಿ ಕೆ. ಎಸ್. ಜಗದೀಶ ಮೊದಲಾದ ವಿದ್ವಾಂಸರು, ಮಣ್ಣಿಗೆ ಅಲ್ಪಾಂಶ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಬೆಳೆಯಿಸಿದರು. ಹುಲ್ಲು ಮಣ್ಣಿನ ಗೋಡೆಯನ್ನೇ ಉಳಿಸಿಕೊಳ್ಳಬಯಸುವವರು ಕೆಳಗೆ ಎತ್ತರವಾದ ಕಲ್ಲಿನ ತಳಪಾಯವನ್ನೂ, ಮೇಲೆ ಮುಂಚಾಚಿದ ಮಾಡನ್ನೂ, ಸುತ್ತಲೂ ನೀರು ಹರಿದುಹೋಗುವ ಕಾಲುವೆಯನ್ನೂ ಮಾಡಿಕೊಳ್ಳಬೇಕು.

ಮಣ್ಣಿನ ಮನೆ ಬಿದ್ದರೆ ಅದರ ಮಣ್ಣನ್ನು ಹೊಲಕ್ಕೆ ಹಾಕಬಹುದು, ಇಲ್ಲವೆ ಮತ್ತೆ ನೆನೆಯಿಸಿ ಗೋಡೆ ಕಟ್ಟಬಹುದು. ಆದರೆ ಅದರೊಳಗೆ ವಾಸಿಸುವ ಜೀವಕ್ಕೆ ಎರಡನೆಯ ಸಲವಿಲ್ಲ. ಆದುದರಿಂದ ವರ್ಷಕ್ಕೊಮ್ಮೆ ಆರೈಕೆ ಮಾಡುವ ಕೈಗಳು ಮನೆಯಲ್ಲಿ ಉಂಟೆ ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಗೋಡೆ ಯಾವದರದಾಗಬೇಕೆಂದು ನಿಶ್ಚಯಿಸುವದು ಗೃಹಸ್ಥರಿಗೆ ಉಚಿತ.